ಇಡ್ಲಿ ಪಾತ್ರೆಯಲ್ಲಿ ಬೆಂದ ಪುಲ್ಲಿ

ಗುರುಚರಣ ಪೆರುಂಗುಡಿಯ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದ. ಸಂಬಳದ ಚೀಟಿ ಬಂದಿಲ್ಲ ಎಂದು ದೂರುವವರಿಗೆ 'ಬರುತ್ತದೆ' ಎಂದು ನಯವಾಗಿ ಉತ್ತರ ಬರೆಯುವುದೇ ಆ ಕೆಲಸ. ಯಂತ್ರಗಳಿಗೂ ಅವನಿಗೂ ಇದ್ದ ಸಂಬಂಧವೆಂದರೆ ಒಮ್ಮೆ ಆಫೀಸಿನ ಪ್ರಿಂಟರಿಗೆ ಇಂಕು ತುಂಬಿಸಿದ್ದು. ಅದರಲ್ಲಿ ಅರ್ಧ ಇಂಕು ಅವನ ಅಂಗಿಗೆ ತುಂಬಿತ್ತು. ಅಂಥವನು ಭಾನುವಾರ ಮಧ್ಯಾಹ್ನ ಕೋಡಂಬಾಕ್ಕಮ್ಮಿನ ತಮ್ಮ ಫ್ಲ್ಯಾಟಿನ ಕೆಳಗೆ, ಅಪ್ಪನ ಹಳೇ ಕಾರಿನ ಮುಂದಿನ ಚಕ್ರ ಬಿಚ್ಚಿಟ್ಟು, ರಟ್ಟಿನ ಹಾಳೆಯ ಮೇಲೆ ಮಲಗಿ, ಎಂಜಿನ್ನಿನ ಪಕ್ಕೆಯನ್ನು ದಿಟ್ಟಿಸುತ್ತಿದ್ದ. ಹಳೆಯ ಪುಲ್ಲಿ ಹೊರಗೆ ಬಂದಿತ್ತು. ಹೊಸದು ಒಳಗೆ ಹೋಗುತ್ತಿರಲಿಲ್ಲ.

ಆ ಬಿಡಿಭಾಗಕ್ಕೆ ಪುಸ್ತಕದಲ್ಲಿ ಹಾರ್ಮೋನಿಕ್ ಬ್ಯಾಲೆನ್ಸರ್ ಎಂಬ ಸಂಗೀತಗಾರರ ಹೆಸರಿದೆ. ಮೂಲೆಯ ಗ್ಯಾರೇಜಿನ ಸುರೇಶನ ಬಾಯಲ್ಲಿ ಅದು ಬರೀ ಕ್ರ್ಯಾಂಕ್ ಪುಲ್ಲಿ. ಕ್ರ್ಯಾಂಕ್ ಎಂದರೆ ಎಂಜಿನ್ನಿನೊಳಗೆ ತಿರುಗುವ ದಂಡ; ಪುಲ್ಲಿ ಅದರ ತುದಿಗೆ ಕೂರುತ್ತದೆ. ಒಳಗೊಂದು ಕಬ್ಬಿಣದ ಬಳೆ, ಹೊರಗೊಂದು ಬಳೆ, ಮಧ್ಯೆ ರಬ್ಬರು. ಎಂಜಿನ್ನಿನ ನಡುಕವನ್ನೆಲ್ಲ ಆ ರಬ್ಬರು ನುಂಗಿಕೊಳ್ಳಬೇಕು. ವರ್ಷಗಟ್ಟಲೆ ನುಂಗಿದ ಹಳೇ ರಬ್ಬರು ತಿಂಗಳುಗಟ್ಟಲೆ ಕಿರ್ ಎನ್ನುತ್ತಿದ್ದು, ಕೊನೆಗೂ ಹರಿದು, ಪುಲ್ಲಿ ವಾಲಾಡಿ, ಬೆಲ್ಟು ಕಿತ್ತುಕೊಂಡು ಹೋಗಿ, ಶುಕ್ರವಾರ ಗುರುಚರಣ ಆಫೀಸಿನಿಂದ ಬರುವಾಗ ಕಾರು ರಸ್ತೆಯಲ್ಲೇ ನಿಂತಿತ್ತು. ಸುರೇಶನ ಗ್ಯಾರೇಜಿನಲ್ಲಿ ಸರದಿ ಬುಧವಾರಕ್ಕೆ. ಇವರಿಗೆ ಕಾರು ಬೇಕಾಗಿದ್ದುದು ಸೋಮವಾರ ಬೆಳಿಗ್ಗೆ.

ಸೋಮವಾರ ಅಜ್ಜಿಯ ಶ್ರಾದ್ಧ. ಟಿ. ನಗರದ ಮಠದಲ್ಲಿ ಅಡುಗೆ ಗುರುಚರಣನ ಅಮ್ಮ ಜಯಲಕ್ಷ್ಮಮ್ಮನದೇ. ಅತ್ತೆಯ ಶ್ರಾದ್ಧಕ್ಕೆ ಬೇರೆಯವರ ಕೈ ಅಡುಗೆ ಆಗದು ಎಂಬುದು ಆಕೆಯ ಹಟ. ಮಡಿಯುಟ್ಟು ಮನೆಯಿಂದಲೇ ಹೊರಡಬೇಕು, ದಾರಿಯಲ್ಲಿ ಯಾರೂ ತಾಗಬಾರದು. ಅದಕ್ಕಾಗಿಯೇ ಈ ಕಾರಿನ ಹಿಂದಿನ ಸೀಟಿಗೆ ಒಂದು ಉಣ್ಣೆಯ ಧಾಬಳಿ ಮೀಸಲು. ಆ ಸೀಟಿನಲ್ಲಿ ಕೂತು ಇಷ್ಟು ವರ್ಷದಲ್ಲಿ ಯಾರೂ ಒಂದು ಬಿಸ್ಕತ್ತನ್ನೂ ಮುರಿದಿರಲಿಲ್ಲ.

"ಟ್ಯಾಕ್ಸಿ ಕರೆಸ್ತೀನಮ್ಮಾ," ಎಂದು ಗುರುಚರಣ ಹೇಳಿ ನೋಡಿದ್ದ.

"ಯಾರ್ಯಾರು ಏನೇನು ತಿಂದು ಕೂತಿದ್ರೋ! ನೀನು ಆಫೀಸಿಗೆ ಹೋಗು ಡಾ ಅದ್ರಲ್ಲಿ. ನಾನು ನಡ್ಕೊಂಡು ಹೋಗ್ತೀನಿ."

ಅದು ಬರೀ ಬೆದರಿಕೆಯಲ್ಲ. ಹಿಂದೊಮ್ಮೆ ಕಾರು ಕೈಕೊಟ್ಟಾಗ ಆಕೆ ನಸುಕಿನಲ್ಲಿ ಎದ್ದು, ಒದ್ದೆ ಸೀರೆಯಲ್ಲೇ, ಎದುರು ಬಂದವರನ್ನೆಲ್ಲ ಕಣ್ಣಲ್ಲೇ ಪಕ್ಕಕ್ಕೆ ಸರಿಸುತ್ತ ಮಠದವರೆಗೂ ನಡೆದಿದ್ದಳು. ಆದರೆ ಆಗ ಇದ್ದದ್ದು ಸ್ವಂತ ಮೊಣಕಾಲು. ಈಗಿನದು ಆಸ್ಪತ್ರೆಯಲ್ಲಿ ಹಾಕಿಸಿದ್ದು. ಇನ್ನೂ ಅಡುಗೆಮನೆಯಿಂದ ಬಾಲ್ಕನಿಗೆ ಹೋಗುವುದರೊಳಗೆ ಒಮ್ಮೆ ಗೋಡೆ ಹಿಡಿಯುತ್ತಾಳೆ. ಸುರಂಗ ರೈಲಿನ ಕೆಲಸಕ್ಕೆ ಅಗೆದಿಟ್ಟ ರಸ್ತೆಯಲ್ಲಿ ಒಂದು ಹೆಜ್ಜೆ ತಪ್ಪಿದರೆ ಸಾಕು, ಮತ್ತೆ ಆಪರೇಷನ್ ಟೇಬಲ್ಲು. ಇದು ಮನೆಯವರಿಗೆಲ್ಲ ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಗೊತ್ತಿದ್ದೂ ನಡೆಯುತ್ತಾಳೆಂಬುದೂ ಎಲ್ಲರಿಗೂ ಗೊತ್ತಿತ್ತು.

ಆ ಗಳಿಗೆಯಲ್ಲಿ ಗುರುಚರಣನ ಬಾಯಿಂದ ಬಂದ ಮಾತು: "ಬಿಡಮ್ಮಾ, ಮನೆಯಲ್ಲೇ ನಾನು ಹಾಕ್ತೀನಿ. ವಿಡಿಯೋ ನೋಡಿದೀನಿ."

ಅವನು ವಿಡಿಯೋ ನೋಡಿ ಕೊಳಲನ್ನೂ ಕಲಿಯಲು ಹೊರಟಿದ್ದವನೇ. ಕೊಳಲು ಈಗ ಪರದೆಯ ಕೋಲಾಗಿದೆ.

"ಹೋಗ್ತಿಲ್ವಾ?" ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದ ತಂಗಿ ವೃಂದಾ ಕೇಳಿದಳು.

"ಅರ್ಧ ಬೆರಳಷ್ಟು ಹೋಗಿ ನಿಂತಿದೆ."

"ಅಣ್ಣಾ, ಇದೆಲ್ಲಾ ನಮಗೆ ತೇವೆಯಾ, ಬೇಕಿತ್ತಾ? ಟ್ಯೂಬ್‌ಲೈಟ್ ಬದಲಾಯ್ಸೋಕೆ ಆಳು ಕರೆದವನು ನೀನು."

"ಟಾರ್ಚ್ ನೆಟ್ಟಗೆ ಹಿಡಿ ಡೀ."

ಅವನು ಬೋಲ್ಟನ್ನು ತಿರುಗಿಸಿ ಪುಲ್ಲಿಯನ್ನು ಒಳಗೆಳೆದುಕೊಳ್ಳಲು ನೋಡಿದ. ಎರಡು ಸುತ್ತು ಬಂದು ಬೋಲ್ಟು ಬಿಗಿಯಿತು. ಇನ್ನೂ ಬಲ ಹಾಕಿದರೆ ಕ್ರ್ಯಾಂಕಿನೊಳಗಿನ ಮರೆ, ಬೋಲ್ಟು ಕಚ್ಚಿಕೊಳ್ಳುವ ತಿರುಪಿನ ಗೆರೆ, ಕಿತ್ತುಬರುತ್ತದೆ, ಆಮೇಲೆ ಎಂಜಿನ್ನನ್ನೇ ಇಳಿಸಬೇಕು ಎಂದು ವಿಡಿಯೋದವನು ಹೇಳಿದ್ದ. ಬೋಲ್ಟನ್ನು ಹಿಂದಕ್ಕೆ ಬಿಚ್ಚಿ, ಪುಲ್ಲಿಯನ್ನು ಅಲ್ಲಾಡಿಸಿ ಈಚೆಗೆ ತೆಗೆದ.

ಅಷ್ಟರಲ್ಲಿ ಅಪ್ಪ ತಿರುಮಲರಾಯರು ಸುತ್ತಿಗೆ ಹಿಡಿದು ಬಂದರು. ಪೆರಂಬೂರಿನ ಬೋಗಿ ಕಾರ್ಖಾನೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕಾರ್ಖಾನೆಯ ಸದ್ದನ್ನು ಕಿಟಕಿಯಾಚೆಯಿಂದ ಕೇಳಿದ್ದಷ್ಟೇ. ಆದರೂ ಸದ್ದು ತಲೆಯೊಳಗೆ ಉಳಿದಿತ್ತು.

"ಒಂದೇ ಏಟು ಹಾಕು. ತಾನಾಗಿ ಕೂರುತ್ತೆ."

"ಸುತ್ತಿಗೆ ಬೇಡಪ್ಪಾ. ಹೊಡೆದ್ರೆ ಪುಲ್ಲಿ ಸೊಟ್ಟ ಆಗುತ್ತೆ, ಒಳಗೆ ಬೇರಿಂಗ್ ಹೋಗುತ್ತೆ."

"ನಿಂಗೆ ಧೈರ್ಯ ಇಲ್ಲ. ಜರುಗು ಆಚೆ, ನಾನು ಹೊಡೀತೀನಿ."

"ಅಪ್ಪಾ, ಸುತ್ತಿಗೆ ಕೆಳಗಿಡಿ!"

ಅಪ್ಪನ ಮೇಲೆ ಅವನು ಹಾಗೆ ದನಿಯೇರಿಸಿದ್ದು ಯಾವತ್ತೂ ಇಲ್ಲ. ತಿರುಮಲರಾಯರು ಮಗನನ್ನೊಮ್ಮೆ ನೋಡಿ, ಸುತ್ತಿಗೆಯನ್ನು ಚಪ್ಪಲಿಯ ಪಕ್ಕ ಇಟ್ಟರು. ವಿಡಿಯೋದವನು ಇನ್ನೊಂದು ಮಾತು ಹೇಳಿದ್ದನ್ನು ಗುರುಚರಣ ಆಗ ನೆನಪಿಸಿಕೊಂಡ: ಪುಲ್ಲಿಯನ್ನು ಓವೆನ್ನಿನಲ್ಲಿ ಬಿಸಿ ಮಾಡಿದರೆ ಕಬ್ಬಿಣ ಕೂದಲೆಳೆಯಷ್ಟು ಹಿಗ್ಗಿ ಸರಾಗವಾಗಿ ಜಾರುತ್ತದೆ. ಬೆಂಕಿಗೆ ನೇರವಾಗಿ ಹಿಡಿಯುವಂತಿಲ್ಲ, ರಬ್ಬರು ಕರಗುತ್ತದೆ. ಆದರೆ ಅವರ ಮನೆಯಲ್ಲಿ ಓವೆನ್ ಇರಲಿಲ್ಲ.

"ಮೈಕ್ರೋವೇವ್ ಇದೆಯಲ್ಲಾ?" ಎಂದಳು ವೃಂದಾ.

"ಅದ್ರಲ್ಲಿ ಕಬ್ಬಿಣ ಇಟ್ರೆ ನಾಳೆ ಎರಡು ಶ್ರಾದ್ಧ. ಹಬೆ ಆದ್ರೆ ನಡೆಯುತ್ತೆ. ಮೆಲ್ಲಗೆ, ಎಲ್ಲಾ ಕಡೆಯಿಂದ." ಹೇಳುತ್ತ ಹೇಳುತ್ತಲೇ ಅವನಿಗೆ ಹೊಳೆಯಿತು. ತಂಗಿಗೂ ಹೊಳೆಯಿತು.

"ಅಯ್ಯೋ ರಾಯರೇ," ಎಂದಳು. "ಅಮ್ಮನ್ನ ನೀನೇ ಕೇಳು. ನಾನು ಬರಲ್ಲ."

ಜಯಲಕ್ಷ್ಮಮ್ಮ ನಾಳೆಯ ಉದ್ದು ಆರಿಸುತ್ತ ಕೂತಿದ್ದಳು. ಶ್ರಾದ್ಧದ ಹಿಂದಿನ ದಿನ ಒಂದೇ ಹೊತ್ತು ಊಟ. ಹೀಗಾಗಿ ಒಲೆ ಖಾಲಿಯಿತ್ತು. ಮಗ ಬಾಗಿಲಾಚೆ ನಿಂತು, ಮಸಿಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ವಿಷಯ ಹೇಳಿದ. ಆಕೆ ಮೊರ ಕೆಳಗಿಟ್ಟಳು.

"ನನ್ನ ಇಡ್ಲಿ ಪಾತ್ರೇಲಿ? ಕಾರಿನ ಚಕ್ರ?"

"ಹೊಸದಮ್ಮಾ. ಡಬ್ಬಿಯಿಂದ ಈಗಷ್ಟೇ ತೆಗೆದಿದ್ದು. ಸೋಪು ಹಾಕಿ ತೊಳೆದು ಕೊಡ್ತೀನಿ."

ಆಕೆ ಯೋಚಿಸಿದಳು. ಸುಪ್ರೀಂ ಕೋರ್ಟಿನಲ್ಲೂ ಅಷ್ಟು ತೂಗಿ ನೋಡಲಾರರು.

"ಕಬ್ಬಿಣ ಎಂಜಲಲ್ಲ," ಎಂದಳು ಕೊನೆಗೆ. "ಆದ್ರೆ ನೀರಲ್ಲಿ ಬೆಂದದ್ದು ಮುಸುರೆ."

"ಪುಲ್ಲಿ ಬೇಯಲ್ಲಮ್ಮಾ, ಬಿಸಿ ಆಗುತ್ತೆ ಅಷ್ಟೇ."

"ಬೇಯಲ್ಲ ಅಂತೀಯಾ?"

"ಎಷ್ಟು ಹೊತ್ತಿಟ್ರೂ ಬೇಯಲ್ಲ."

"ಹಾಗಾದ್ರೆ ಮುಸುರೆ ಇಲ್ಲ. ಆಮೇಲೆ ಹುಣಸೆಹಣ್ಣು ಹಾಕಿ ಉಜ್ಜಿ ಕೊಡಬೇಕು ನೀನು. ಒಲೆ ಮೇಲಿದ್ದಾಗ ಮಾತ್ರ ಪಾತ್ರೆಗೆ ಕೈ ಹಾಕಬೇಡ. ಇಡೋದು, ತೆಗೆಯೋದು ನಾನು."

ನೀರು ಮರಳಿ ಹಬೆ ಎದ್ದಿತು. ಜಯಲಕ್ಷ್ಮಮ್ಮ ಪುಲ್ಲಿಯನ್ನು ತಟ್ಟೆಯ ಮೇಲಿಟ್ಟು ಮುಚ್ಚಳ ಹಾಕಿದಳು. ಕೆಳಗೆ ಅಪ್ಪ ಕಾರಿನಲ್ಲಿ ಕೂತು, ಟಾಪ್ ಗೇರು ಹಾಕಿ, ಎಂಜಿನ್ ತಿರುಗದಂತೆ ಬ್ರೇಕು ತುಳಿದು ಕಾಯುತ್ತಿದ್ದರು. ಗುರುಚರಣ ಕ್ರ್ಯಾಂಕಿನ ತುದಿಗೆ ಎಣ್ಣೆ ಸವರಿ ಮೇಲೆ ಓಡಿ ಬಂದಿದ್ದ. ಆಕೆ ಇಕ್ಕಳದಿಂದ ತಟ್ಟೆಯನ್ನು ಎತ್ತಿ ಕಟ್ಟೆಯ ಮೇಲಿಟ್ಟಳು. ಅವನು ದಪ್ಪ ಬಟ್ಟೆ ಹಿಡಿದು ಮುಂದೆ ಬಂದ. ಅಷ್ಟರಲ್ಲಿ ಆಕೆಯ ಕೈ, ತಲೆಯನ್ನು ಕೇಳದೆ, ಪಕ್ಕದ ಚೊಂಬಿಗೆ ಹೋಗಿ, ಒಂದಿಷ್ಟು ತಣ್ಣೀರು ತೆಗೆದು, ಪುಲ್ಲಿಯ ಮೇಲೆ ಚಿಮುಕಿಸಿತು.

ಚುಂಯ್ ಎಂದಿತು.

ಇಡ್ಲಿ ತಟ್ಟೆಗೆ ಅಂಟದೆ ಬಿಡಲೆಂದು ಇಳಿಸಿದೊಡನೆ ತಣ್ಣೀರು ಚಿಮುಕಿಸುವುದು ಆಕೆಯ ಕೈಗೆ ಉಸಿರಾಟದಷ್ಟೇ ಸಹಜ. ತಾಯಿ ಮಗ ಇಬ್ಬರೂ ಪುಲ್ಲಿಯನ್ನು ನೋಡಿದರು. ಹಿಗ್ಗಿದ ಕಬ್ಬಿಣ ಅವರ ಕಣ್ಣೆದುರೇ ಕುಗ್ಗುತ್ತಿತ್ತು.

"ಅಮ್ಮಾ..."

"ಬೈಬೇಡ. ಗೊತ್ತಾಯ್ತು." ಆಕೆಯ ಮುಖ ಸಣ್ಣದಾಗಿತ್ತು. "ಇನ್ನೊಂದು ಸಲ ಇಡೋಣ. ರಬ್ಬರು ತಡೆಯುತ್ತಾ?"

ತಡೆಯುತ್ತದೋ ಇಲ್ಲವೋ ವಿಡಿಯೋದವನು ಹೇಳಿರಲಿಲ್ಲ. ಅವನ ಊರಿನಲ್ಲಿ ಯಾರೂ ಪುಲ್ಲಿಗೆ ನೀರು ಚಿಮುಕಿಸಿರಲಾರರು. ಗುರುಚರಣ ರಬ್ಬರನ್ನು ಬೆಳಕಿಗೆ ಹಿಡಿದು ಸುತ್ತಲೂ ಉಗುರಿನಿಂದ ಒತ್ತಿ ನೋಡಿದ. ಬಿರುಕಿರಲಿಲ್ಲ. ಪುಲ್ಲಿ ಮತ್ತೆ ಪಾತ್ರೆಯೊಳಗೆ ಹೋಯಿತು. ಕೆಳಗಿನಿಂದ ಅಪ್ಪನ ಕೂಗು: "ಕಾಲು ಹಿಡ್ಕೊಳ್ತಾ ಇದೆ ಡಾ, ಬೇಗ!"

ಎರಡನೇ ಸಲ ಪಾತ್ರೆ ಇಳಿಸುವಾಗ ಜಯಲಕ್ಷ್ಮಮ್ಮ ಚೊಂಬನ್ನು, ತಡೆಯಲಾರದೆ ಇಣುಕಲು ಮೇಲೆ ಬಂದಿದ್ದ ವೃಂದಾಳ ಕೈಗೆ ಕೊಟ್ಟು ಹೊರಕೋಣೆಗೆ ಕಳಿಸಿದಳು. ತಟ್ಟೆ ಕಟ್ಟೆಗೆ ಬಂದೊಡನೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳು. "ತಗೊಂಡು ಓಡು!"

ಅವನು ಓಡಿದ. ಬಟ್ಟೆಯ ಮೂಲಕ ಬೆರಳು ಸುಡುತ್ತಿತ್ತು. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು, ರಟ್ಟಿನ ಮೇಲೆ ಮೊಣಕಾಲೂರಿ, ಹಿಂದೆಯೇ ಓಡಿಬಂದ ವೃಂದಾಳ ಟಾರ್ಚಿನ ಬೆಳಕಲ್ಲಿ ಪುಲ್ಲಿಯೊಳಗಿನ ಸೀಳನ್ನು ಕ್ರ್ಯಾಂಕಿನ ಮೇಲಿನ ಪುಟ್ಟ ಕೀಲಿಗೆ ಎದುರಿಟ್ಟ. ಈಗ ಸೊಟ್ಟಗೆ ಸಿಕ್ಕಿಕೊಂಡು ತಣ್ಣಗಾದರೆ ಒಳಗೂ ಇಲ್ಲ, ಹೊರಗೂ ಇಲ್ಲ. ನಾಳೆ ಅಮ್ಮ ನಡೆಯುತ್ತಾಳೆ.

ಒತ್ತಿದ. ಅದು ಹೋಯಿತು, ಹೋಯಿತು, ನಿಂತಿತು.

"ಆಯ್ತಾ?"

"ಇನ್ನೂ ಸ್ವಲ್ಪ ಇದೆ. ಅಪ್ಪಾ, ಬ್ರೇಕ್ ಬಿಡಬೇಡಿ!"

"ನಾನೆಲ್ಲಿ ಬಿಟ್ಟೆ!"

ಬೋಲ್ಟು ಹಾಕಿದ. ಈ ಸಲ ಅದು ಕೈಯಲ್ಲೇ ಸುತ್ತು ಸುತ್ತಾಗಿ ಆಳಕ್ಕೆ ಇಳಿಯಿತು. ಸುರೇಶನಿಂದ ಕಾಡಿ ತಂದ ಟಾರ್ಕ್ ವ್ರೆಂಚ್ ಹಿಡಿದು ಎಳೆದ. ಒಂದು ಕ್ಷಣ ಬೋಲ್ಟು ಮೆತ್ತಗಾದಂತೆನಿಸಿತು; ಒಳಗಿನ ಮರೆ ಹೋಯಿತೇ? ಮತ್ತೆ ಎಳೆದ. ಟಕ್. ವ್ರೆಂಚ್ ಹೇಳಿತು, ಸಾಕು.

ಬೆಲ್ಟು ಹಾಕಿ, ಚಕ್ರ ಹಾಕಿ, ಕೀ ತಿರುಗಿಸಿದಾಗ ಎಂಜಿನ್ ಎದ್ದಿತು. ವೃಂದಾ ಬಾನೆಟ್ಟಿನೊಳಗೆ ಬಗ್ಗಿ, "ಅಲ್ಲಾಡ್ತಾ ಇಲ್ಲ ಅಣ್ಣಾ," ಎಂದಳು. ಗುರುಚರಣ ಅವಳ ದನಿಯಲ್ಲಿ ಕೊಂಕು ಹುಡುಕಿದ. ಸಿಗಲಿಲ್ಲ. ತಿರುಮಲರಾಯರು ಕುಂಟುತ್ತ ಇಳಿದು ಸುತ್ತಿಗೆಯನ್ನು ಎತ್ತಿಕೊಂಡು ಮೇಲೆ ಹೋದರು. ಪಾತ್ರೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜುವ ಶಿಕ್ಷೆಯನ್ನು ಗುರುಚರಣ ಅನುಭವಿಸಿದ. ಅಮ್ಮ ಎರಡು ಸಲ ವಾಪಸು ಕಳಿಸಿದಳು.

ಬೆಳಿಗ್ಗೆ ಜಯಲಕ್ಷ್ಮಮ್ಮ ಧಾಬಳಿಯ ಮೇಲೆ, ಕಿಟಕಿಗೂ ತಾಗದಂತೆ, ನಡುವೆ ಕೂತಳು. ಅಪ್ಪ ಮುಂದೆ. ಗುರುಚರಣ ಗಾಜು ಇಳಿಸಿ, ರೇಡಿಯೋ ಆರಿಸಿ, ಕಿವಿಯನ್ನೆಲ್ಲ ಎಂಜಿನ್ನಿಗೆ ಕೊಟ್ಟು ಓಡಿಸಿದ. ಅಗೆದ ರಸ್ತೆಯ ಪ್ರತಿ ಹಳ್ಳಕ್ಕೂ ವೇಗ ತಗ್ಗಿಸಿ ಆಲಿಸಿದ.

"ಆ ಕಿರ್ ಅನ್ನೋ ಸದ್ದು ಎಲ್ಲಿ ಹೋಯ್ತು?" ಎಂದಳು ಅಮ್ಮ ಸಿಗ್ನಲ್ಲಿನಲ್ಲಿ.

"ಹೋಯ್ತಮ್ಮಾ. ಅದಕ್ಕೇ ಇಷ್ಟೆಲ್ಲಾ."

"ಹ್ಞೂ. ನೀನು ಬರ್ತಾ ಇದೀಯ ಅಂತ ಅದ್ರಿಂದಲೇ ತಿಳೀತಿತ್ತು. ಒಲೆ ಹಚ್ತಿದ್ದೆ."

ಮಠದ ಮುಂದೆ ಅವನು ಇಳಿದು ಬಾಗಿಲು ತೆರೆದು, ಮರೆತು ಕೈ ಚಾಚಿದ.

"ಮುಟ್ಟೀಯ!"

ಅವನು ಹಿಂದೆ ಸರಿದ. ಆಕೆ ಬಾಗಿಲಿನ ಕಬ್ಬಿಣ ಹಿಡಿದು, ಹೊಸ ಮೊಣಕಾಲನ್ನು ಮೊದಲು ನೆಲಕ್ಕಿಟ್ಟು, ಅದು ಹೊರುತ್ತದೋ ಇಲ್ಲವೋ ಎಂದು ಒಂದು ಕ್ಷಣ ನೋಡಿ, ಎದ್ದು ನಿಂತಳು. ಮಠದ ಎರಡೇ ಮೆಟ್ಟಿಲು ಹತ್ತಿ ಒಳಗೆ ಹೋದಳು.