ನೆಲದಡಿಯ ಕೋಣೆಗೆ ಗೃಹಪ್ರವೇಶ

ಫೋನಿನಲ್ಲಿ ಸುಂಟರಗಾಳಿಯ ವಿಡಿಯೋ ನೋಡಿ ನೋಡಿ ಹೆದರಿದ್ದ ಶೆಟ್ರು, ಗಲ್ಫಿನ ಖಲೀಫಾ ಸಿಟಿಯ ತಮ್ಮ ವಿಲ್ಲಾದ ಹಿತ್ತಲಲ್ಲಿ ಹಳೇ ಕಂಟೇನರೊಂದನ್ನು ಹೂತಿದ್ದರು. ಗಾಳಿ ಎದ್ದರೆ ಮನೆಮಂದಿಯೆಲ್ಲ ಅದರೊಳಗೆ ಅಡಗಿ ಕೂರಬೇಕಂತೆ. ಎಸಿ, ಫ್ಯಾನು ಕೂರಿಸುವವನು ನಾನು. ಒಂದು ಫ್ಯಾನ್ ಹಾಕಿಕೊಡಿ ಎಂದು ನನ್ನನ್ನು ಕರೆಸಿದ್ದರು.

ಇಳಿದು ನೋಡಿದರೆ ಮೂಲೆಯಲ್ಲಿ ಗ್ಯಾಸ್ ಒಲೆ, ಅದರ ಮೇಲೆ ಹಾಲಿನ ಪಾತ್ರೆ, ಪಕ್ಕದಲ್ಲಿ ಲೈಟರ್ ಹಿಡಿದು ನಿಂತ ಶೆಟ್ರ ಹೆಂಡತಿ.

"ಹಾಲು ಉಕ್ಕಿಸದೆ ಹೊಸ ಕೋಣೆಯಲ್ಲಿ ಕೂರ್ಲಿಕ್ಕೆ ಉಂಟಾ ಮಾರಾಯ್ರೆ?" ಎನ್ನುತ್ತಾ ಶೆಟ್ರು ಬಾಗಿಲು ಎಳೆದುಕೊಂಡರು. ತೆರೆದಿಟ್ಟರೆ ಗಾಳಿಗೆ ಒಲೆ ಆರುತ್ತದಂತೆ!

"ಅಕ್ಕಾ, ಹಚ್ಚಬೇಡಿ!" ಎಂದು ಕೂಗಿಯೇಬಿಟ್ಟೆ. "ಶೆಟ್ರೇ, ಇದಕ್ಕೆ ಗಾಳಿಯಾಡಲು ಒಂದು ತೂತೂ ಇಲ್ಲ. ಬಾಗಿಲು ಮುಚ್ಚಿ ಒಲೆ ಉರಿಸಿದರೆ ಉಸಿರುಕಟ್ಟಿ ಮೂವರೂ ಖಲಾಸ್."

"ತೂತು ಇಟ್ರೆ ಮರಳು ಬರ್ತದಲ್ಲ?"

"ಮರಳನ್ನು ಆಮೇಲೆ ಗುಡಿಸಬಹುದು. ಗುಡಿಸ್ಲಿಕ್ಕೆ ಜನ ಉಳೀಬೇಕಲ್ಲ?"

ಶೆಟ್ರು ಒಲೆ ಎತ್ತಿಕೊಂಡು ಮೇಲೆ ಬಂದರು. ಹಾಲು ಹಿತ್ತಲಲ್ಲೇ ಉಕ್ಕಿತು. ಗಾಳಿಯಿಂದ ಮನೆಮಂದಿಯನ್ನು ಕಾಪಾಡಬೇಕಿದ್ದ ಕೋಣೆ ಕೆಳಗೆ ಖಾಲಿ ಬಿದ್ದಿತ್ತು. ಮೇಲೆ ನಾವು ಮೂವರೂ ಸುತ್ತ ನಿಂತು ಒಲೆಯನ್ನು ಗಾಳಿಯಿಂದ ಕಾಪಾಡುತ್ತಿದ್ದೆವು.