ಅತ್ತೆ ಕೂರುವಂಥ ಬೋಟು

ನನಗೆ ಈಜು ಬರುವುದಿಲ್ಲ. ಹೊಳೆಗೆ ಹೋದರೆ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡು, ಗಂಗಮ್ಮನಿಗೆ ಕೈ ಮುಗಿದು ಹಿಂದಕ್ಕೆ ಬರುವವಳು ನಾನು. ಇಂಥವಳು ಬೋಟು ರಿಪೇರಿ ಮಾಡಿದಳು ಎಂದು ನಮ್ಮ ಓಣಿಯಲ್ಲಿ ಈಗಲೂ ನಗುತ್ತಾರೆ. ನಗಲಿ. ನಗಲು ಕಾರಣ ಕೊಟ್ಟವಳು ನಾನೇ.

ನಮ್ಮ ಮನೆಯವರದು ಶಹಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುತ್ತಾರೆ. ಯಾವ ಕಾಲದಲ್ಲೋ ಒಬ್ಬ ಗುತ್ತಿಗೆದಾರ ಕೆರೆಯಲ್ಲಿ ಜನರನ್ನು ತಿರುಗಾಡಿಸುತ್ತೇನೆಂದು ಫೈಬರ್ ಬೋಟೊಂದನ್ನು ತಂದಿದ್ದ. ಕೆರೆಯ ತಳ ಕಂಡ ವರ್ಷ ಅದನ್ನು ಇವರ ಅಂಗಡಿಯ ಹಿಂದೆ ಬೋರಲು ಹಾಕಿ ಹೋದವನು ತಿರುಗಿ ಬರಲಿಲ್ಲ. ಅದರ ಕೆಳಗೆ ನಾಯಿ ಮರಿ ಹಾಕುತ್ತಿತ್ತು, ಮೇಲೆ ಚಹಾದ ಅಂಗಡಿಯವರು ಬಟ್ಟೆ ಒಣಗಿಸುತ್ತಿದ್ದರು. ಜಾಗ ಬೇಕಾಗಿ ಇವರು ಆ ಗುತ್ತಿಗೆದಾರನಿಗೆ ಫೋನು ಮಾಡಿದರೆ, "ನಿಮಗ ಇರಲಿ ತೊಗೋರಿ, ನನ್ನ ಕೇಳಬ್ಯಾಡ್ರಿ" ಎಂದನಂತೆ. ನಮ್ಮ ಎಮ್ಮೆಗೆ ನೀರಿನ ತೊಟ್ಟಿ ಆದೀತು ಎಂದು ಇವರು ಟ್ರ್ಯಾಕ್ಟರಿನಲ್ಲಿ ಹಾಕಿಸಿ ಮನೆಗೆ ತಂದರು. ಗೋಣಿಚೀಲದಲ್ಲಿ ಸುತ್ತಿದ ತುಕ್ಕು ಹಿಡಿದ ಇಂಜಿನ್ನೂ ಜೊತೆಗೆ ಬಂತು. ಎಮ್ಮೆ ಬೋಟನ್ನು ಮೂಸಿ ನೋಡಿ ಹಿಂದೆ ಸರಿಯಿತು. ನಾನು ಮುಂದೆ ಸರಿದೆ. ಬುದ್ಧಿಯಲ್ಲಿ ಯಾರು ಮೇಲೆಂದು ಅವತ್ತೇ ತಿಳಿಯಬೇಕಿತ್ತು.

ನಾನು ಮುಂದೆ ಸರಿಯಲು ಕಾರಣ ನಮ್ಮ ಅತ್ತೆ. ಅವರ ತವರೂರು ಕೊಡೇಕಲ್ ಆಚೆ, ಕೃಷ್ಣೆಯ ದಂಡೆಯಲ್ಲಿತ್ತು. ಡ್ಯಾಮು ಕಟ್ಟಿದಾಗ ಊರನ್ನು ಮೇಲಕ್ಕೆ ಎಬ್ಬಿಸಿದರು. ದಿಬ್ಬದ ಮೇಲಿನ ಈಶ್ವರನ ಗುಡಿಯೊಂದು ಅಲ್ಲೇ ಉಳಿಯಿತು, ಸುತ್ತಲೂ ನೀರು. ಅತ್ತೆ ಪ್ರತಿ ಕಾರ್ತಿಕದಲ್ಲಿ ಒಂದು ಸೋಮವಾರ ಬಿದಿರಿನ ದುಂಡನೆಯ ತೆಪ್ಪದಲ್ಲಿ ಕುಳಿತು ಅಲ್ಲಿಗೆ ಹೋಗಿ ದೀಪ ಹಚ್ಚಿ ಬರುತ್ತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬಿಗೆ ರಾಡು ಹಾಕಿಸಿಕೊಂಡ ಮೇಲೆ ಕಾಲು ಮಡಚಲು ಬಾರದಾಯಿತು. ತೆಪ್ಪದಲ್ಲಿ ತಳಕ್ಕೆ ಕುಕ್ಕರುಗಾಲಿನಲ್ಲೇ ಕೂರಬೇಕು. ಹಾಗಾಗಿ ದೀಪ ನಿಂತಿತು. ಕಾರ್ತಿಕ ಬಂದರೆ ಅತ್ತೆ ಊಟ ಅರ್ಧ ಮಾಡಿ ಕೈ ತೊಳೆಯುತ್ತಿದ್ದರು. ಕೇಳಿದರೆ "ಹಸಿವಿಲ್ಲ" ಎನ್ನುತ್ತಿದ್ದರು.

ಯುಗಾದಿಯ ದಿನ ಲಿಂಗಪೂಜೆ ಮುಗಿಸಿ, ಬೇವು ಬಾಯಲ್ಲಿರುವಾಗಲೇ ನಾನು ಹೇಳಿಬಿಟ್ಟೆ: "ಅತ್ತಿ, ಬೋಟಿನ್ಯಾಗ ಕಾಲು ಚಾಚಿ ಕೂಡಬೋದಲ್ರಿ. ನಾನೇ ರಿಪೇರಿ ಮಾಡ್ತೇನಿ. ಈ ಕಾರ್ತಿಕದಾಗ ನಿಮ್ಮ ದೀಪ ನೀವ ಹಚ್ಚೀರಿ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೋಳಿ ಹುಣ್ಣಿಮಿಯಿಂದ ಅಡಗಿಮನಿ ನಳ ಸೋರಾಕತ್ತಾದ. ಮೊದಲ ಅದನ್ನ ನಿಂದ್ರಸು."

ಹಾಗೆಂದರೂ ಮರುದಿನ ತಾವು ಮಲಗುವ ಹಗ್ಗದ ಹೊರಸನ್ನು ಅಂಗಳದ ಬೇವಿನ ನೆರಳಿಗೆ ಹಾಕಿಸಿಕೊಂಡರು, ಬೋಟು ಎದುರಿಗೆ ಕಾಣುವಂತೆ.

ನನ್ನ ಗುರು ಫೋನು. ಅದರಲ್ಲಿ ಬಿಳಿಯ ಗಂಡಸರು ತಂಪಾದ ಶೆಡ್ಡಿನಲ್ಲಿ ಮೂಗಿಗೆ, ಕೈಗೆ, ಕಣ್ಣಿಗೆ ಏನೇನೋ ಕಟ್ಟಿಕೊಂಡು ಇಂಥ ಬೋಟುಗಳನ್ನು ಉಜ್ಜುತ್ತಿದ್ದರು. ಮಾತು ತಿಳಿಯದು, ಕೈ ನೋಡಿ ಕಲಿತೆ. ರೊಟ್ಟಿ ಬಡಿಯುವುದನ್ನೂ ಹಾಗೇ ಅಲ್ಲವೇ ಕಲಿತದ್ದು ಎಂಬ ಸೊಕ್ಕು. ಅವರು ಯಾಕೆ ಅಷ್ಟು ಮೈ ಮುಚ್ಚಿಕೊಂಡಿದ್ದಾರೆಂದು ಮಾತ್ರ ಯೋಚಿಸಲಿಲ್ಲ, ಚಳಿ ದೇಶದವರು ಎಂದುಕೊಂಡೆ. ಇವರ ಅಂಗಡಿಯ ಗ್ರೈಂಡರ್ ತಂದು, ಸೀರೆಯ ಸೆರಗು ಬಿಗಿದು, ಹಳೆಯ ಬಣ್ಣ ಕೆರೆಯಲು ಕುಳಿತೆ. ಬಿಳಿ ಪುಡಿ ಜೋಳದ ಹಿಟ್ಟಿನ ಹಾಗೆ ಹಾರಿತು. ನೋಡಲು ಚೆಂದವೇ ಇತ್ತು.

ಅವತ್ತು ನಳದ ನೀರು ಬರುವ ದಿನ. ನೀರು ಬಂದ ದಿನ ಮನೆಯವರೆಲ್ಲರ ಬಟ್ಟೆ ಒಂದೇ ಬಕೆಟ್ಟಿನಲ್ಲಿ ನೆನೆಯಿಡುವುದು ನಮ್ಮ ರೂಢಿ. ನನ್ನ ಆ ಸೀರೆಯನ್ನೂ ಅದರಲ್ಲೇ ಅದ್ದಿದೆ. ಫೈಬರಿನ ಪುಡಿ ಎಂದರೆ ಗಾಜಿನ ಮುಳ್ಳು, ಸೋಪಿಗೆ ಹೋಗುವುದಿಲ್ಲ, ಒಂದು ಬಟ್ಟೆಯಿಂದ ಇನ್ನೊಂದಕ್ಕೆ ಹತ್ತುತ್ತದೆ ಎಂದು ತಿಳಿದದ್ದು ಮರುದಿನ. ನನಗೆ ಮೈಯೆಲ್ಲ ತುರಿಕೆ. ಇವರು ಅಂಗಡಿಯಲ್ಲಿ ಗಿರಾಕಿಯ ಎದುರಿಗೆ ಮಾತು ಅರ್ಧಕ್ಕೆ ಬಿಟ್ಟು ಕಂಬಕ್ಕೆ ಬೆನ್ನು ತಿಕ್ಕಿದರಂತೆ. ಅತ್ತೆ ಹೊರಸಿನ ಮೇಲೆ ಎಡಕ್ಕೂ ಬಲಕ್ಕೂ ಹೊರಳುತ್ತ, "ಅಮ್ಮ ಬಂದಾಳೇನೋ, ಬೇವಿನ ತಪ್ಪಲು ಕಟ್ಟು ಬಾಗಿಲಿಗಿ" ಎಂದರು. ನಾನು ಕಟ್ಟಿಯೂಬಿಟ್ಟೆ! ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಎದುರುಮನೆಯಾಕೆ ಅದನ್ನು ಕಂಡು, ಸಿಡುಬು ಎಂದುಕೊಂಡು ಓಣಿಯ ಆ ತುದಿಗೇ ನಿಂತು, "ಯಾರಿಗ್ರಿ ಬಂದಿರೋದು?" ಎಂದು ಕೂಗಿದಳು.

"ಬೋಟಿಗಿ" ಎಂದರು ನಮ್ಮ ಮನೆಯವರು, ಬೆನ್ನು ಕೆರೆದುಕೊಳ್ಳುತ್ತ.

ಪುಡಿ ಯಾರ ಕಣ್ಣಿಗೂ ಹೋಗಲಿಲ್ಲ. ಅದು ಶಿವನ ದಯೆ.

ತಳದಲ್ಲಿ ಒಡೆದ ಜಾಗಗಳಿಗೆ ಫೈಬರಿನ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟು ಸವರಬೇಕು. ಅಂಟು ಗಟ್ಟಿಯಾಗಲು ಇನ್ನೊಂದು ಔಷಧಿ ಚೂರು ಬೆರೆಸಬೇಕು. ಎರಡನ್ನೂ ಯಾದಗಿರಿಯಲ್ಲಿ ಫೈಬರ್ ಬಾಗಿಲು ಮಾಡುವವರಿಂದ ತಂದೆ. "ಅಮ್ಮಾರ, ಬಿಸಿಲಿನ್ಯಾಗ ಔಷಧ ಕಮ್ಮಿ ಹಾಕ್ರಿ" ಎಂದು ಅವರು ಹೇಳಿಕೊಟ್ಟರು. ನಾನು ಮನಸ್ಸಿನಲ್ಲೇ ನಕ್ಕೆ. ಹಾಲಿಗೆ ಹೆಪ್ಪು ಹಾಕುವವಳಿಗೆ ಇದನ್ನು ಹೇಳಬೇಕೇ? ಬೇಸಿಗೆಯಲ್ಲಿ ಹೆಪ್ಪು ಕಡಿಮೆ, ಚಳಿಯಲ್ಲಿ ಹೆಚ್ಚು. ಆದರೆ ಮನೆಗೆ ಬಂದು ಡಬ್ಬಿ ತೆರೆದಾಗ ಆ ಔಷಧಿ ನೋಡಲು ನೀರಿನ ಹಾಗೆ, ತೀರಾ ಬಡವಾಗಿ ಕಂಡಿತು. ಪಾಪ ಎನಿಸಿ ಒಂದು ಚಮಚ ಹೆಚ್ಚು ಹಾಕಿದೆ. ವೈಶಾಖದ ಮಟಮಟ ಮಧ್ಯಾಹ್ನ. ಬೋಟಿನ ಆಚೆ ಬದಿಗೆ ಹೋಗಿ ಸೆರಗು ಸರಿಮಾಡಿಕೊಂಡು ಬರುವುದರಲ್ಲಿ ಬಕೆಟ್ಟು ಹೊಗೆಯಾಡುತ್ತಿತ್ತು. ಕಲಕುತ್ತಿದ್ದ ಸೌಟು ನಡುವೆ ನೆಟ್ಟಗೆ ನಿಂತಿತ್ತು. ಎಳೆದರೆ ಬಕೆಟ್ಟೇ ಎದ್ದು ಬಂತು.

"ಮಸರು ಚೊಲೋ ಹೆಪ್ಪಾಗ್ಯಾದ" ಎಂದರು ಅತ್ತೆ ಹೊರಸಿನಿಂದ. "ಬಡಿಸು."

ಮನೆಗೆ ಬೆಂಕಿ ಹತ್ತಲಿಲ್ಲ. ಇನ್ನೊಂದು ದಯೆ.

ಮುಂದೆ ನಸುಕಿನಲ್ಲಿ, ಪೂಜೆಗೂ ಮೊದಲು, ಒಂದೊಂದೇ ಬಟ್ಟಲು ಕಲಸಿ ತೇಪೆ ಹಾಕಿದೆ. ಅತ್ತೆ ಆ ಹೊತ್ತಿಗೇ ಎದ್ದು ಹೊರಸಿಗೆ ಬರುತ್ತಿದ್ದರು. ನಾನು ಸವರುತ್ತಿದ್ದರೆ ಅವರು ಮುಳುಗಿದ ಊರಿನ ಮಾತು ಹೇಳುತ್ತಿದ್ದರು. ಯಾವ ಬಾವಿಯ ನೀರಿಗೆ ಬೇಳೆ ಬೇಗ ಬೇಯುತ್ತಿತ್ತು, ಯಾವ ಓಣಿಯಲ್ಲಿ ಹುಣಸೆಮರ, ಗುಡಿಯ ಬಸವಣ್ಣನ ಯಾವ ಕಿವಿ ಮುರಿದಿದೆ. ಮದುವೆಯಾಗಿ ಇಷ್ಟು ವರ್ಷ ಉಪ್ಪು ಹೆಚ್ಚಾಯಿತು, ಖಾರ ಕಡಿಮೆಯಾಯಿತು ಎಂಬುದನ್ನು ಬಿಟ್ಟು ನಾವಿಬ್ಬರೂ ಹೆಚ್ಚು ಮಾತಾಡಿದ್ದೇ ಇಲ್ಲ.

ಸಣ್ಣ ತೂತು ದೊಡ್ಡ ತೂತು ಎನ್ನದೆ ಎಲ್ಲವನ್ನೂ ಮುಚ್ಚಿದೆ. ಹಿಂಬದಿಯಲ್ಲಿ ತಳಕ್ಕೆ ಒಂದು ದುಂಡನೆಯ ತೂತಿತ್ತು. ಅದನ್ನಂತೂ ಮೂರು ಪದರ ಹಾಕಿ, ಗಂಟಲಲ್ಲಿ ಸಿಕ್ಕ ಮುಳ್ಳು ತೆಗೆದವರ ಹಾಗೆ ಹಿಗ್ಗಿನಿಂದ ಮುಚ್ಚಿದೆ. ಶ್ರಾವಣದಲ್ಲಿ ಬಿಟ್ಟೂಬಿಡದೆ ಮಳೆ ಬಂತು. ಮೇಲ್ಮುಖ ಮಾಡಿ ಕಲ್ಲುಗಳ ಮೇಲಿಟ್ಟಿದ್ದ ಬೋಟು ತುಂಬಿತು. ಇವರು ಹಿಂದೆ ಹೋಗಿ ಬಗ್ಗಿ ಹುಡುಕಿದರು.

"ಇಲ್ಲಿ ನೀರು ಬಿಡೋ ಬಾಯಿ ಇತ್ತಲ್ಲ, ಬಿರಡಿ ಹಾಕೋದು. ಎಲ್ಲಿ ಹೋತು?"

"ಮುಚ್ಚೇನಿ."

"ಯಾಕ?"

"ತೂತಿತ್ತಲ್ರಿ!"

ಇವರು ಹಣೆಗೆ ಕೈ ಹಚ್ಚಿ ಒಳಗೆ ಹೋದರು. ಚೆಂಬು ಹಿಡಿದು ನೀರು ಎತ್ತಿ ಹಾಕಲು ನಿಂತ ಮೇಲೆ ನನಗೆ ಹೊಳೆಯಿತು: ಕಂಠಮಟ್ಟ ತುಂಬಿದ ಬೋಟಿನಿಂದ ಕೆಳಗೆ ಒಂದು ಹನಿ ಸೋರಿರಲಿಲ್ಲ, ಅಡಿಯ ನೆಲ ಹಾಗೇ ಒಣಗಿತ್ತು. ಒಳಗಿನ ನೀರು ಹೊರಗೆ ಹೋಗದಿದ್ದರೆ ಹೊರಗಿನದು ಒಳಗೆ ಬರುವುದು ಹೇಗೆ? ಅತ್ತೆಗೆ ತೋರಿಸಿದೆ. "ಹೌದು ಬಿಡು" ಎಂದರು. ಅವರ ಬಾಯಿಂದ ನನ್ನ ಕೆಲಸಕ್ಕೆ ಬಿದ್ದ ಮೊದಲ ಹೌದು ಅದು. ಅಂದೇ ಇವರು ಇಂಜಿನ್ನನ್ನು ಗೋಣಿಚೀಲದಿಂದ ಹೊರಗೆ ತೆಗೆದರು. ಬಿಚ್ಚಿ, ತೊಳೆದು, ನೀರಿನ ಡ್ರಮ್ಮಿನಲ್ಲಿ ಇಳಿಬಿಟ್ಟು ಹಗ್ಗ ಎಳೆದಾಗ ಅದು ಕೆಮ್ಮಿ ಕೆಮ್ಮಿ ಎದ್ದಿತು. ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು.

ಕಾರ್ತಿಕದ ಸೋಮವಾರ ಬೋಟು ಟ್ರ್ಯಾಕ್ಟರಿನಲ್ಲಿ, ನಾವು ಹಿಂದೆ ಟಂಟಂ ಆಟೋದಲ್ಲಿ ಹೊರಟೆವು. ಸುರಪುರದಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಹಿರಿಯರು ಬೋಟನ್ನು ಸುತ್ತು ಹಾಕಿ, "ಎಲ್ಲಿ ಹೊಳಿ ಉಕ್ಕಿ ಬಂದಾದವ್ವಾ? ನಮಗ ಸುದ್ದೀನೇ ಇಲ್ಲ" ಎಂದರು. ಅತ್ತೆ ಮುಸುಕು ಎಳೆದುಕೊಂಡರು. ನಗುವುದಕ್ಕೆಂದು ನನಗೆ ಗೊತ್ತು.

ದಂಡೆಯಲ್ಲಿ ಪೂಜೆ. ಬೋಟಿನ ಮೂತಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿದೆ. ಹೊಸ ಗಾಡಿಯಾದರೆ ಚಕ್ರದ ಕೆಳಗೆ ಲಿಂಬೆಹಣ್ಣು ಇಡಬೇಕು. ಬೋಟಿಗೆ ಚಕ್ರವಿಲ್ಲ, ಟ್ರ್ಯಾಕ್ಟರಿನ ಚಕ್ರಕ್ಕೇ ಇಟ್ಟು ಮುಗಿಸಿದೆ. ಕಾಯಿ ಒಡೆಯಲು ಕಲ್ಲು ಹುಡುಕಿದರೆ ಸುತ್ತಲೂ ಎರೆಮಣ್ಣಿನ ಕೆಸರು.

"ಇರಲಿ ಬಿಡು, ಗುಡಿಯಾಗ ಒಡಿಯೋಣು" ಎಂದರು ಇವರು.

ಕಾಯಿ ಒಡೆಯದೆ ನೀರಿಗೆ ಇಳಿಸುವುದೇ? ದೇವರನ್ನು ನೆನೆದು, ಎರಡೂ ಕೈಯಲ್ಲಿ ಎತ್ತಿ, ಬೋಟಿನ ಮೂತಿಗೇ ಅಪ್ಪಳಿಸಿದೆ. ಟಕ್ಕೆಂದಿತು. ಕೈಯಲ್ಲಿ ನೋಡಿದರೆ ಕಾಯಿ ಗುಂಡಗೆ ಹಾಗೇ ಇತ್ತು. ಬೋಟು ಸೀಳಿತ್ತು.

ನನಗೆ ಕಣ್ಣಲ್ಲಿ ನೀರು ಬಂತು. ಯುಗಾದಿಯಿಂದ ಮಾಡಿದ್ದನ್ನು ನನ್ನ ಭಕ್ತಿಯೇ ಒಂದು ಏಟಿಗೆ ಒಡೆದು ಹಾಕಿತ್ತು. ಅತ್ತೆ ಕೋಲೂರಿಕೊಂಡು ಬಂದು ಸೀಳಿನ ಮೇಲೆ ಬೆರಳಾಡಿಸಿದರು. "ಮೂತಿ ಮ್ಯಾಲೆ ಸೀಳ್ಯಾದ. ನೀರು ಅಲ್ಲಿಗಿ ಮುಟ್ಟಂಗಿಲ್ಲ. ನಾ ಹಿಂದ ಕುಂತ್ರ ಮೂತಿ ಇನ್ನಾ ಮ್ಯಾಲೇಳ್ತದ. ಅಳಬ್ಯಾಡ, ಹತ್ತಸು ನನ್ನ."

ಕೂರುವ ಹಲಗೆಗಳು ಎಂದೋ ಕೊಳೆತಿದ್ದವು. ನಾನು ಹಾಕಿದ ಹೊಸ ಹಲಗೆಯ ಮೇಲೆ ಬೆಕ್ಕು ಕೂತರೂ ಓಲುತ್ತಿತ್ತು. ಅದಕ್ಕೇ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ತಂದು ಹಗ್ಗದಿಂದ ಬಿಗಿದಿದ್ದೆವು. ಅತ್ತೆ ಅದರಲ್ಲಿ ಕಾಲು ಚಾಚಿ ಕುಳಿತರು. ಇಂಜಿನ್ ಎದ್ದಿತು. ಬೋಟು ಹೊರಟಿತು, ನಿಜವಾಗಿಯೂ ಹೊರಟಿತು. ನಾನು ಕಣ್ಣು ಮುಚ್ಚಿ "ಓಂ ನಮಃ ಶಿವಾಯ" ಎನ್ನುತ್ತಿದ್ದುದರಿಂದ ನಡುನೀರಿನ ಚೆಂದ ಏನೆಂದು ಕೇಳಿದರೆ ಹೇಳಲಾರೆ.

ಕಣ್ಣು ತೆರೆದದ್ದು ಸದ್ದು ನಿಂತಾಗ. ಗುಡಿ ಎದುರಿಗೇ ಇತ್ತು, ಕೂಗಿದರೆ ಕೇಳುವಷ್ಟು ದೂರ. ಆದರೆ ಅಲ್ಲಿ ನೀರು ಮೊಣಕಾಲುದ್ದ, ಕೆಳಗೆ ಕೆಸರು. ಇಂಜಿನ್ನಿನ ಕಾಲು ಹೂತು, ತಳ ಹತ್ತಿಕೊಂಡಿತು. ಇವರು ಇಳಿದು ನೂಕಿದರು, ಕದಲಲಿಲ್ಲ. ಕೆಸರಿನಲ್ಲಿ ಅತ್ತೆಯನ್ನು ನಡೆಸುವ ಹಾಗಿಲ್ಲ. ಅತ್ತೆ ಗುಡಿಯನ್ನೇ ನೋಡುತ್ತ ದೀಪದ ಬುಟ್ಟಿಯನ್ನು ತೊಡೆಯ ಮೇಲೆ ಹಿಡಿದು ಕುಳಿತಿದ್ದರು. ಒಂದು ಕುಹಕದ ಮಾತಾದರೂ ಆಡಬಾರದೇ ಎನಿಸಿತು.

ಅಷ್ಟರಲ್ಲಿ ಬಲೆ ಹಾಕಲು ಬಂದಿದ್ದವರೊಬ್ಬರು ತಮ್ಮ ತೆಪ್ಪವನ್ನು ಇತ್ತ ತಿರುಗಿಸಿದರು. ಗೊಬ್ಬರದ ಚೀಲ, ಮೋಟಾರ್ ಸೈಕಲ್ಲು ಎಲ್ಲ ದಾಟಿಸುವ ದೊಡ್ಡ ತೆಪ್ಪ. ಅವರೂ ನಮ್ಮವರೂ ನೀರಿನಲ್ಲಿ ನಿಂತು, ಹಗ್ಗ ಬಿಚ್ಚಿ, ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ತೆಪ್ಪದ ನಡುವೆ ಇಟ್ಟರು. ಅತ್ತೆ ಕಾಲು ಚಾಚಿ ನೆಟ್ಟಗೆ ಕುಳಿತರು. ನಾವೂ ಹತ್ತಿದೆವು. ತೆಪ್ಪ ಕೆಸರಿನ ಮೇಲಿನ ತೆಳು ನೀರಿನಲ್ಲಿ ಹಗುರವಾಗಿ ಸರಿದು ಗುಡಿಯ ಮೆಟ್ಟಿಲ ಹತ್ತಿರ ಹೋಯಿತು.

ನಾನು ತೆಪ್ಪದ ಅಂಚು ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತು ಕುರ್ಚಿಯನ್ನು ನೋಡಿದೆ. ಇವರೂ ನೋಡಿದರು. ನಮ್ಮ ಮನೆಯಲ್ಲಿ ಅಂಥ ಕುರ್ಚಿಗಳು ಮೊದಲಿನಿಂದಲೂ ಇದ್ದವು. ತೆಪ್ಪವೂ ಇಲ್ಲಿ ಮೊದಲಿನಿಂದಲೂ ಇತ್ತು. ಇವರು ಮೆಲ್ಲಗೆ ಮುಖ ತಿರುಗಿಸಿ ದೂರದ ದಂಡೆ ನೋಡತೊಡಗಿದರು.

ಗುಡಿಯಲ್ಲಿ ಬಾವಲಿಯ ವಾಸನೆ. ಅತ್ತೆ ಸೆರಗಿನಿಂದ ಬಸವಣ್ಣನ ಮುಖ ಒರೆಸಿ, ಎಣ್ಣೆ ಹಾಕಿ ದೀಪ ಹಚ್ಚಿದರು. ಕಾಯಿಯನ್ನು ಈ ಸಲ ಕಲ್ಲಿಗೇ ಒಡೆದೆ. ಎಲ್ಲ ಆದ ಮೇಲೆ ತಡೆಯಲಾಗದೆ ಕೇಳಿದೆ: "ಅತ್ತಿ, ಸಿಟ್ಟು ಬಂದಾದೇನ್ರಿ? ಬರೇ ಒಂದು ಕುರ್ಚಿ ತಂದಿದ್ರ ಆಗ್ತಿತ್ತು."

ಅತ್ತೆ ಬತ್ತಿ ಸರಿಮಾಡುತ್ತಲೇ ಹೇಳಿದರು: "ಆಗ್ತಿತ್ತು. ಮುಂಜಾನಿ ಬಂದು ಸಂಜಿಕ ಹೋಗ್ತಿದ್ವಿ. ಈಗ ನಾ ಯುಗಾದಿಯಿಂದ ಇಲ್ಲಿಗಿ ಬರಾಕತ್ತೇನಿ."

ಹೊರಡುವಾಗ ತೆಪ್ಪದಲ್ಲೇ ದಂಡೆ ಮುಟ್ಟಿಸುತ್ತೇನೆಂದು ಬಲೆಯವರು ಹೇಳಿದರೆ ಅತ್ತೆ ಒಪ್ಪಲಿಲ್ಲ. "ನಮ್ಮ ಬೋಟು ಅದ" ಎಂದರು. ಕುರ್ಚಿ ಮತ್ತೆ ಬೋಟಿಗೆ ಬಂತು. ಇಂಜಿನ್ ಏಳಲಿಲ್ಲ. ತೆಪ್ಪದವರು ಬೋಟಿಗೆ ಹಗ್ಗ ಕಟ್ಟಿ, ಕೆಸರಿನಿಂದ ಬಿಡಿಸಿ, ಹುಟ್ಟು ಹಾಕುತ್ತ ನಮ್ಮನ್ನು ಎಳೆದುಕೊಂಡು ಹೊರಟರು. ಅತ್ತೆ ಕುರ್ಚಿಯನ್ನು ಹಿಂದುಮುಂದಾಗಿ ಹಾಕಿಸಿಕೊಂಡು ಗುಡಿಯ ಕಡೆಗೆ ಮುಖ ಮಾಡಿ ಕುಳಿತಿದ್ದರು.

"ದೀಪ ಕಾಣ್ತದ ನೋಡು ಇಲ್ಲಿತನ."

ಹಾಡುಹಗಲು. ಗುಡಿಯೇ ಬೆರಳಷ್ಟಾಗಿತ್ತು. ನಾನು ಕಣ್ಣು ಕಿರಿದು ಮಾಡಿ ನೋಡಿದೆ, ಬಾಗಿಲು ಯಾವುದೆಂದೂ ತಿಳಿಯಲಿಲ್ಲ.

"ಕಾಣ್ತದ್ರಿ ಅತ್ತಿ" ಎಂದೆ.