ಒಣಗಿದ ಹತ್ತಿಯುಂಡೆ

ಆಪರೇಷನ್ ಥಿಯೇಟರಿನ ಸಹಾಯಕನಾಗಿ ಇಪ್ಪತ್ತು ವರ್ಷ ನನ್ನದೇ ದರ್ಬಾರು. ಅರಿವಳಿಕೆ ಕೊಟ್ಟ ರೋಗಿಗೆ ಡಾಕ್ಟರು ಮೂಗಿನಿಂದ ಉಸಿರಿನ ನಳಿಕೆ ಇಳಿಸುವಾಗ ರಕ್ತ ಬಂದೇ ಬರುತ್ತಿತ್ತು. ಔಷಧಿಯಲ್ಲಿ ಅದ್ದಿದ ಹತ್ತಿಯುಂಡೆ ಒತ್ತಿ ಕ್ಷಣದಲ್ಲಿ ನಿಲ್ಲಿಸುತ್ತಿದ್ದವನು ನಾನು. "ನಿನ್ನ ಕೈಗುಣ ಯಾರಿಗೂ ಇಲ್ಲಪ್ಪ" ಅನ್ನುತ್ತಿದ್ದರು ಡಾಕ್ಟರು.

ಈಗ ವಕ್ಕರಿಸಿದ್ದಾಳೆ ಹೊಸ ನರ್ಸಮ್ಮ. ನಳಿಕೆಯನ್ನು ಬೆಚ್ಚನೆಯ ಸಲೈನಿನಲ್ಲಿ ಅದ್ದಿಟ್ಟು, ಮೆತ್ತಗಾದ ಮೇಲೆ ಕೊಡುತ್ತಾಳೆ. ಸಲೀಸಾಗಿ ಇಳಿಯುತ್ತದೆ, ರಕ್ತದ ಸುಳಿವೇ ಇಲ್ಲ. ಡಾಕ್ಟರ ಬಾಯಲ್ಲಿ ಅವಳದೇ ಜಪ. ನನ್ನ ಹತ್ತಿಯುಂಡೆ ಟ್ರೇಯಲ್ಲಿ ಒಣಗಿಕೊಂಡು ಬಿದ್ದಿರುತ್ತದೆ.

ಹೊಟ್ಟೆ ಉರಿಯದೆ ಇರುತ್ತದೆಯೇ? ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ: "ಬೆಚ್ಚಗೆ ಮಾಡಿ ಕೊಡೋದೂ ಒಂದು ವಿದ್ಯೆನಾ? ಚಿಕ್ಕ ಮಕ್ಕಳೂ ಮಾಡ್ತಾರೆ!"

ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲೂ ಇಲ್ಲ.

"ಮತ್ತೆ ಇಪ್ಪತ್ತು ವರ್ಷ ನೀವ್ಯಾಕ್ರೀ ಮಾಡ್ಲಿಲ್ಲ?"